ಮಸೂದೆಗಳನ್ನು ಓದಿ ಬೆಳೆದವನು: ಆಲ್ ಸ್ಮಿತ್‌ನ ಜೀವನ ಮತ್ತು ರಾಜಕಾರಣ

ಅಮೆರಿಕದ ರಾಜಕೀಯ ಚರಿತ್ರೆಯನ್ನು ಅಧ್ಯಕ್ಷರ ಹೆಸರುಗಳ ಸಾಲಿನಿಂದ ಗುರುತಿಸುವುದು ನಮ್ಮಲ್ಲಿ ರೂಢಿಯಾಗಿದೆ. ಲಿಂಕನ್, ವಿಲ್ಸನ್, ರೂಸ್‌ವೆಲ್ಟ್ ಎಂಬ ದೊಡ್ಡ ಹೆಸರುಗಳ ನೆರಳಿನಲ್ಲಿ ಆ ದೇಶದ ರಾಜ್ಯಗಳಲ್ಲಿ ದುಡಿದವರು ಮರೆಯಾಗಿದ್ದಾರೆ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಸಾಮಾನ್ಯ ಪ್ರಜೆಯ ಬದುಕನ್ನು ನೇರವಾಗಿ ಮುಟ್ಟುತ್ತಿದ್ದುದು ವಾಷಿಂಗ್ಟನ್ನಿನ ಸರಕಾರವಲ್ಲ. ಕಾರ್ಖಾನೆಯ ದುಡಿಮೆ, ಬಾಡಿಗೆಯ ಮನೆ, ಶಾಲೆ, ಆಸ್ಪತ್ರೆ, ಸೆರೆಮನೆ ಇವೆಲ್ಲ ರಾಜ್ಯಗಳ ಅಧಿಕಾರಕ್ಕೆ ಸೇರಿದ್ದವು. ಮಕ್ಕಳ ದುಡಿಮೆಯನ್ನು ತಡೆಯಲು 1916ರಲ್ಲಿ ಕೇಂದ್ರ ಶಾಸಕಾಂಗವು ಮಾಡಿದ ಕಾನೂನನ್ನು ಸರ್ವೋಚ್ಚ ನ್ಯಾಯಾಲಯವು 1918ರಲ್ಲಿ ಅಸಿಂಧುವೆಂದು ತಳ್ಳಿಹಾಕಿತೆಂಬುದನ್ನು ನೆನೆದರೆ ಈ ಮಾತು ಸ್ಪಷ್ಟವಾದೀತು. ಅಲ್ಲಿಯ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವನಲ್ಲ. ಜನರಿಂದ ನೇರವಾಗಿ ಆಯ್ಕೆಗೊಂಡು ಆಡಳಿತ ನಡೆಸುವವನು. ನ್ಯೂಯಾರ್ಕ್ ರಾಜ್ಯದಲ್ಲಿ ಆ ಹುದ್ದೆಗೆ ನಾಲ್ಕು ಸಲ ಆರಿಸಿಬಂದ ಆಲ್ಫ್ರೆಡ್ ಇಮ್ಯಾನ್ಯುಯೆಲ್ ಸ್ಮಿತ್ ಎಂಟನೆಯ ತರಗತಿಯನ್ನೂ ಮುಗಿಸಿದವನಲ್ಲ. ಜನರ ಬಾಯಲ್ಲಿ ಆತ ಕೊನೆಯವರೆಗೂ ಆಲ್ ಸ್ಮಿತ್ ಆಗಿಯೇ ಉಳಿದ. ವಿದ್ಯಾವಂತರು ಬರೆದ ಕಾನೂನಿಗೂ ಆ ಕಾನೂನಿಗೆ ಒಳಪಟ್ಟು ಬದುಕುವ ಜನರ ಮಾತಿಗೂ ನಡುವೆ ಇದ್ದ ದೂರವನ್ನು ಆತ ಕ್ರಮಿಸಿದ ಬಗೆಯೇ ಈ ಜೀವನದಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿ.

ಸ್ಮಿತ್ ಹುಟ್ಟಿದ್ದು 1873ರ ಡಿಸೆಂಬರ್ 30ರಂದು, ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದ ಕೆಳತುದಿಯಲ್ಲಿ, ಈಸ್ಟ್ ನದಿಯ ದಂಡೆಗೆ ಹೊಂದಿಕೊಂಡ ಸೌತ್ ಸ್ಟ್ರೀಟಿನಲ್ಲಿ. ಬಾಲ್ಯದ ಮೊದಲ ಒಂಬತ್ತು ವರ್ಷ ಅವನ ಕಣ್ಣೆದುರಿಗೇ ಬ್ರೂಕ್ಲಿನ್ ಸೇತುವೆ ಏರುತ್ತಿತ್ತು. 1883ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ತಂದೆ ಕುದುರೆಗಾಡಿಯಲ್ಲಿ ಸರಕು ಸಾಗಿಸುವವನು. ತಂದೆಯ ಕಡೆಯಿಂದ ಇಟಲಿ ಮತ್ತು ಜರ್ಮನಿಯ ರಕ್ತ, ತಾಯಿಯ ಕಡೆಯಿಂದ ಐರಿಷ್ ಮತ್ತು ಇಂಗ್ಲಿಷ್ ರಕ್ತ. ಆದರೆ ಆ ಕೇರಿಯ ಕ್ಯಾಥೊಲಿಕ್ ಬದುಕಿನಲ್ಲಿ ಬೆಳೆದ ಹುಡುಗ ತನ್ನನ್ನು ಐರಿಷನೆಂದೇ ತಿಳಿದುಕೊಂಡಿದ್ದ. 1886ರಲ್ಲಿ ತಂದೆ ತೀರಿಕೊಂಡಾಗ ಅವನಿಗೆ ಇನ್ನೂ ಹದಿಮೂರು ತುಂಬಿರಲಿಲ್ಲ. ತಾಯಿ ಕೊಡೆ ತಯಾರಿಸುವ ಕೆಲಸಕ್ಕೆ ಹೋದಳು, ಬಳಿಕ ಮನೆಯ ಕೆಳಗೊಂದು ಸಣ್ಣ ಅಂಗಡಿ ಇಟ್ಟಳು. ಹುಡುಗ ಚರ್ಚಿನ ಶಾಲೆಯನ್ನು ಬಿಟ್ಟು ದುಡಿಯಲು ನಿಂತ.

ಹಲವು ಸಣ್ಣಪುಟ್ಟ ಕೆಲಸಗಳ ನಂತರ ಆತ ಸೇರಿದ್ದು ಫುಲ್ಟನ್ ಮೀನು ಮಾರುಕಟ್ಟೆಯನ್ನು. ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ ಆರಂಭವಾಗುವ ದುಡಿಮೆ. ವಾರಕ್ಕೆ 12 ಡಾಲರ್ ಕೂಲಿ, ಜೊತೆಗೆ ಮನೆಗೆ ಬೇಕಾದಷ್ಟು ಮೀನು. ಮುಂದೆ ವಿಧಾನಸಭೆಯಲ್ಲಿ ಸಹಸದಸ್ಯರು ತಮ್ಮ ವಿಶ್ವವಿದ್ಯಾಲಯಗಳ ಪದವಿಗಳನ್ನು ಹೇಳಿಕೊಂಡಾಗ, ತನ್ನ ಪದವಿ ಈ ಮೀನು ಮಾರುಕಟ್ಟೆಯದೆಂದು ಆತ ಹೇಳಿ ಸಭೆಯನ್ನು ನಗಿಸುತ್ತಿದ್ದ. ಅದು ತಮಾಷೆಯೂ ಹೌದು, ಬಿರುಸಾದ ಉತ್ತರವೂ ಹೌದು. ಸಂಜೆಯ ಹೊತ್ತು ಚರ್ಚಿನ ಹವ್ಯಾಸಿ ನಾಟಕಗಳಲ್ಲಿ ಪಾತ್ರ ವಹಿಸುತ್ತಿದ್ದ. ಕಂಠ, ಸಮಯಪ್ರಜ್ಞೆ, ಎದುರಿಗಿರುವ ಜನರ ಮುಖ ಓದುವ ಚುರುಕು ಇವನ್ನು ಅವನು ಪಡೆದದ್ದು ಆ ರಂಗದ ಮೇಲೆಯೇ.

ಕೇರಿಯ ರಾಜಕಾರಣವೆಂದರೆ ಆಗ ಟ್ಯಾಮನಿ ಹಾಲ್. ನ್ಯೂಯಾರ್ಕ್ ನಗರದ ಡೆಮಾಕ್ರಟಿಕ್ ಪಕ್ಷವನ್ನು ಕೈಯಲ್ಲಿಟ್ಟುಕೊಂಡಿದ್ದ ಈ ಸಂಘಟನೆಗೆ ಲಂಚಕೋರತನದ ದೊಡ್ಡ ಕುಖ್ಯಾತಿ ಇತ್ತು, ಅದು ಸುಳ್ಳೂ ಆಗಿರಲಿಲ್ಲ. ಆದರೆ ವಲಸೆ ಬಂದ ಬಡವನಿಗೆ ಕೆಲಸ ಕೊಡಿಸುವುದು, ಚಳಿಗಾಲಕ್ಕೆ ಕಲ್ಲಿದ್ದಲು ಹಾಕಿಸುವುದು, ಪೋಲೀಸರ ಕೈಗೆ ಸಿಕ್ಕ ಮಗನನ್ನು ಬಿಡಿಸುವುದು ಇವನ್ನೂ ಅದೇ ಸಂಘಟನೆ ಮಾಡುತ್ತಿತ್ತು. ಪ್ರತಿಯಾಗಿ ಓಟನ್ನು ಕೇಳುತ್ತಿತ್ತು. ಕೇರಿಯ ಮುಖಂಡ ಟಾಮ್ ಫೋಲಿಯ ಆಶ್ರಯದಲ್ಲಿ ಸ್ಮಿತ್ 1895ರಲ್ಲಿ ಜ್ಯೂರಿಗಳ ಕಚೇರಿಯಲ್ಲಿ ಕೆಲಸ ಪಡೆದ. 1900ರಲ್ಲಿ ಕ್ಯಾಥರಿನ್ ಡನ್ ಎಂಬಾಕೆಯನ್ನು ಮದುವೆಯಾದ. ದಂಪತಿಗಳಿಗೆ ಐವರು ಮಕ್ಕಳು. 1903ರ ಚುನಾವಣೆಯಲ್ಲಿ ಟ್ಯಾಮನಿಯ ಅಭ್ಯರ್ಥಿಯಾಗಿ ರಾಜ್ಯ ವಿಧಾನಸಭೆಗೆ ಆರಿಸಿಬಂದ.

ರಾಜಧಾನಿ ಆಲ್ಬನಿಯಲ್ಲಿ ಅವನ ಮೊದಲ ವರ್ಷಗಳು ಅವಮಾನದವು. ಹಿಂದಿನ ಸಾಲಿನಲ್ಲಿ ಕುಳಿತ ಈ ಹೊಸ ಸದಸ್ಯನ ಮೇಜಿನ ಮೇಲೆ ದಿನವೂ ಮಸೂದೆಗಳ ಕಟ್ಟು ಬೀಳುತ್ತಿತ್ತು. ಅವುಗಳ ಭಾಷೆ ಅವನಿಗೆ ಅರ್ಥವಾಗುತ್ತಿರಲಿಲ್ಲ. ಒಂದು ವಾಕ್ಯ ಇನ್ನೊಂದು ಕಾನೂನಿನ ಕಲಮನ್ನು ಉಲ್ಲೇಖಿಸುತ್ತದೆ, ಅದು ಮತ್ತೊಂದನ್ನು. ಹೀಗೆ ಸುತ್ತಿಕೊಂಡ ಆ ಬರವಣಿಗೆ ವಕೀಲರಿಗಾಗಿ ವಕೀಲರೇ ಬರೆದದ್ದಾಗಿತ್ತು. ಪಕ್ಷದ ಸಾಮಾನ್ಯ ಸದಸ್ಯನಿಗೆ ಅದು ಅರ್ಥವಾಗಬೇಕೆಂಬ ನಿರೀಕ್ಷೆಯೂ ಇರಲಿಲ್ಲ; ಮುಖಂಡರು ಹೇಳಿದಂತೆ ಕೈಯೆತ್ತಿದರೆ ಸಾಕಾಗಿತ್ತು. ಬಿಟ್ಟುಹೋಗಬೇಕೆಂದು ಅನ್ನಿಸಿದ್ದರೂ ಸ್ಮಿತ್ ಉಳಿದ. ಸಂಜೆ ಇತರರು ಹೋಟೆಲುಗಳಲ್ಲಿ ಕೂಡಿದಾಗ ಆತ ತನ್ನ ಕೋಣೆಯಲ್ಲಿ ಮಸೂದೆಗಳನ್ನು, ಅವು ತಿದ್ದಲು ಹೊರಟ ಹಳೆಯ ಕಾನೂನುಗಳನ್ನು, ಕೊನೆಗೆ ಯಾರೂ ಓದದ ವಾರ್ಷಿಕ ವೆಚ್ಚದ ಮಸೂದೆಯನ್ನು ಸಾಲು ಸಾಲಾಗಿ ಓದತೊಡಗಿದ. ಯಾವ ಇಲಾಖೆಗೆ ಎಷ್ಟು ಹಣ, ಯಾರಿಗಾಗಿ ಯಾವ ಹುದ್ದೆ ಎಂಬುದು ಆ ಪುಟಗಳಲ್ಲಿ ಅಡಗಿತ್ತು. ಏಳೆಂಟು ವರ್ಷಗಳಲ್ಲಿ ರಾಜ್ಯದ ಆಡಳಿತವನ್ನು ಅವನಷ್ಟು ಬಲ್ಲವರು ಸಭೆಯಲ್ಲಿ ವಿರಳರಾದರು. ಪುಸ್ತಕ ಓದುವ ಅಭ್ಯಾಸ ಆತನಿಗೆ ಎಂದೂ ಬರಲಿಲ್ಲವೆಂದು ಹೇಳುವುದುಂಟು. ಆದರೆ ಓದೆಂಬ ಮಾತಿಗೆ ಸಾಹಿತ್ಯದ ಓದೆಂದಷ್ಟೇ ಅರ್ಥ ಮಾಡಿದರೆ ಇಂಥ ಓದುಗನಿಗೆ ಅನ್ಯಾಯವಾದೀತು.

1911ರಲ್ಲಿ ಡೆಮಾಕ್ರಟರಿಗೆ ಬಹುಮತ ಬಂದಾಗ ಸ್ಮಿತ್ ವಿಧಾನಸಭೆಯ ಬಹುಮತದ ನಾಯಕನಾದ. ಸೆನೆಟ್ಟಿನಲ್ಲಿ ಅದೇ ಸ್ಥಾನದಲ್ಲಿದ್ದವನು ಜರ್ಮನಿಯಲ್ಲಿ ಹುಟ್ಟಿ ಬಾಲ್ಯದಲ್ಲಿ ವಲಸೆ ಬಂದ ರಾಬರ್ಟ್ ವ್ಯಾಗ್ನರ್. ಇಬ್ಬರೂ ಟ್ಯಾಮನಿಯವರು, ಇಬ್ಬರೂ ಪಕ್ಷದ ಯಜಮಾನ ಚಾರ್ಲ್ಸ್ ಮರ್ಫಿಯ ಮಾತಿಗೆ ಬದ್ಧರಾದವರು. ಅದೇ ವರ್ಷದ ಮಾರ್ಚ್ 25ರ ಶನಿವಾರ ಸಂಜೆ, ಕೆಲಸ ಬಿಡುವ ಹೊತ್ತಿಗೆ, ನ್ಯೂಯಾರ್ಕ್ ನಗರದ ಟ್ರಯಾಂಗಲ್ ಸಿದ್ಧ ಉಡುಪಿನ ಕಾರ್ಖಾನೆಗೆ ಬೆಂಕಿ ಬಿತ್ತು.

ಹತ್ತು ಅಂತಸ್ತಿನ ಕಟ್ಟಡದ ಮೇಲಿನ ಮೂರು ಅಂತಸ್ತುಗಳಲ್ಲಿ ಆ ಕಾರ್ಖಾನೆ ಇತ್ತು. ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಯೆಹೂದಿ ಮತ್ತು ಇಟಾಲಿಯನ್ ವಲಸೆ ಕುಟುಂಬಗಳ ತರುಣಿಯರು. ಒಂಬತ್ತನೆಯ ಅಂತಸ್ತಿನ ಒಂದು ಬಾಗಿಲಿಗೆ ಬೀಗ ಹಾಕಲಾಗಿತ್ತು. ಹೊರಗೋಡೆಯ ಕಬ್ಬಿಣದ ಮೆಟ್ಟಿಲು ಭಾರಕ್ಕೆ ಕುಸಿಯಿತು. ಅಗ್ನಿಶಾಮಕ ದಳದ ಏಣಿಗಳು ಆರನೆಯ ಅಂತಸ್ತಿನವರೆಗೆ ಮಾತ್ರ ಮುಟ್ಟಿದವು. ಹಲವರು ಕಿಟಕಿಗಳಿಂದ ಬೀದಿಗೆ ಹಾರಿದರು. ಸತ್ತವರು 146 ಮಂದಿ. ಅವರಲ್ಲಿ 123 ಮಂದಿ ಹೆಂಗಸರು ಮತ್ತು ಹುಡುಗಿಯರು. ಕಾರ್ಖಾನೆಯ ಮಾಲೀಕರಿಬ್ಬರೂ ಆ ವರ್ಷದ ಡಿಸೆಂಬರಿನಲ್ಲಿ ನ್ಯಾಯಾಲಯದಿಂದ ಬಿಡುಗಡೆ ಹೊಂದಿದರು. ಸ್ಮಿತ್ ಸತ್ತವರ ಮನೆಗಳಿಗೆ ಹೋದ. ಅವು ಅವನು ಬೆಳೆದ ಮನೆಗಳಂಥವೇ ಆಗಿದ್ದವು.

ಮರುಕ ಪಡುವುದು ಒಂದು, ಕಾನೂನು ಮಾಡುವುದು ಇನ್ನೊಂದು. ಶಾಸಕರಿಲ್ಲದ ಕೇವಲ ಗಣ್ಯರ ಸಮಿತಿಯ ವರದಿ ಆಲ್ಬನಿಯಲ್ಲಿ ಧೂಳು ತಿನ್ನುತ್ತದೆಂಬುದು ಸ್ಮಿತ್‌ಗೆ ತಿಳಿದಿತ್ತು. ಆದುದರಿಂದ 1911ರ ಜೂನ್‌ನಲ್ಲಿ ರಚಿತವಾದ ಕಾರ್ಖಾನೆ ತನಿಖಾ ಆಯೋಗದಲ್ಲಿ ಶಾಸಕರೇ ಮುಂದಾಳುಗಳಾದರು: ವ್ಯಾಗ್ನರ್ ಅಧ್ಯಕ್ಷ, ಸ್ಮಿತ್ ಉಪಾಧ್ಯಕ್ಷ. ಕಾರ್ಮಿಕ ನಾಯಕ ಸ್ಯಾಮ್ಯುಯೆಲ್ ಗಾಂಪರ್ಸ್, ಮಹಿಳಾ ಕಾರ್ಮಿಕರ ಪರವಾಗಿ ದುಡಿಯುತ್ತಿದ್ದ ಮೇರಿ ಡ್ರೈಯರ್ ಸದಸ್ಯರಾಗಿದ್ದರು. ತನಿಖೆಯ ಕೆಲಸದಲ್ಲಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಎಂಬ ತರುಣಿ ಟ್ರಯಾಂಗಲ್ ಕಟ್ಟಡದಿಂದ ಜನ ಬೀಳುವುದನ್ನು ಕಣ್ಣಾರೆ ಕಂಡಿದ್ದಳು. ಆಕೆ ಈ ರಾಜಕಾರಣಿಗಳಿಗೆ ಅಂಕಿ ಅಂಶಗಳನ್ನು ಒಪ್ಪಿಸಿ ಸುಮ್ಮನಾಗಲಿಲ್ಲ, ಅವರನ್ನು ಕರೆದೊಯ್ದು ತೋರಿಸಿದಳು. ಆಬರ್ನ್ ಪಟ್ಟಣದ ಹಗ್ಗದ ಕಾರ್ಖಾನೆಯಲ್ಲಿ ಹತ್ತು ಗಂಟೆಗಳ ರಾತ್ರಿಪಾಳಿ ಮುಗಿಸಿ ಹೊರಬರುವ ಹೆಂಗಸರನ್ನು ಸ್ಮಿತ್ ನೋಡಿದ. ಇನ್ನೊಂದೆಡೆ ಬೆಂಕಿಯಿಂದ ಪಾರಾಗುವ ದಾರಿಯೆಂದು ಹೆಸರಿಟ್ಟಿದ್ದ ಗೋಡೆಯ ಕಿಂಡಿಯಲ್ಲಿ ವ್ಯಾಗ್ನರ್ ತೆವಳಬೇಕಾಯಿತು. ಆ ಕಿಂಡಿಯಾಚೆಗೆ ಇದ್ದುದು ಹಿಮಗಟ್ಟಿದ ಕಬ್ಬಿಣದ ಏಣಿ, ಅದೂ ನೆಲ ಮುಟ್ಟುತ್ತಿರಲಿಲ್ಲ. ಆಹಾರವನ್ನು ಡಬ್ಬಿಗಳಲ್ಲಿ ತುಂಬುವ ಕಾರ್ಖಾನೆಗಳಲ್ಲಿ ಐದಾರು ವರ್ಷದ ಮಕ್ಕಳು ಬೆಳಗಿನಿಂದಲೇ ಅವರೆ ಬಟಾಣಿ ಸುಲಿಯುತ್ತಿದ್ದರು.

ಆಯೋಗದ ಕೆಲಸದಿಂದ ಮೂರು ನಾಲ್ಕು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಾನೂನುಗಳು ಬಂದವು. ಎತ್ತರದ ಕಾರ್ಖಾನೆಗಳಲ್ಲಿ ತಾನಾಗಿ ನೀರು ಚಿಮುಕಿಸುವ ವ್ಯವಸ್ಥೆ, ಬೆಂಕಿಯ ಕವಾಯತು, ತೆರೆದಿರಬೇಕಾದ ಬಾಗಿಲುಗಳು, ವಾರಕ್ಕೊಂದು ವಿಶ್ರಾಂತಿಯ ದಿನ, ಬಲಗೊಂಡ ಕಾರ್ಮಿಕ ಇಲಾಖೆ ಇವು ಅವುಗಳಲ್ಲಿ ಕೆಲವು. ಹೆಂಗಸರ ದುಡಿಮೆಗೆ ವಾರಕ್ಕೆ 54 ಗಂಟೆಗಳ ಮಿತಿ ಹಾಕಿದ 1912ರ ಕಾನೂನು ಡಬ್ಬಿ ಕಾರ್ಖಾನೆಗಳನ್ನು ಹೊರಗಿಟ್ಟೇ ಅಂಗೀಕಾರವಾಯಿತು. ಆ ಮಾಲೀಕರು ವಿಶ್ರಾಂತಿಯ ದಿನದಿಂದಲೂ ವಿನಾಯಿತಿ ಕೇಳಿದಾಗ, ಸಬ್ಬತ್ ದಿನವನ್ನು ಪವಿತ್ರವಾಗಿ ಆಚರಿಸಬೇಕೆಂಬ ದೈವಾಜ್ಞೆಯಲ್ಲಿ ಡಬ್ಬಿ ಕಾರ್ಖಾನೆಗಳಿಗೆ ವಿನಾಯಿತಿ ಇರುವುದು ತನಗೆ ಕಾಣಲಿಲ್ಲವೆಂದು ಸ್ಮಿತ್ ಸಭೆಯಲ್ಲಿ ಹೇಳಿದನೆಂಬುದು ಪ್ರಸಿದ್ಧವಾಗಿದೆ. ಕಾನೂನಿನ ತಿದ್ದುಪಡಿಯೊಂದರ ಅನ್ಯಾಯವನ್ನು ಭಾನುವಾರ ಚರ್ಚಿಗೆ ಹೋಗುವ ಯಾವನಿಗಾದರೂ ತಿಳಿಯುವ ಮಾತಿಗೆ ಇಳಿಸುವ ಈ ಶಕ್ತಿಯೇ ಅವನದು.

ಇದೇ ಕಾಲದ ಇನ್ನೊಂದು ಮುಖವನ್ನೂ ಮರೆಯಬಾರದು. 1913ರಲ್ಲಿ ಸ್ಮಿತ್ ವಿಧಾನಸಭೆಯ ಸಭಾಧ್ಯಕ್ಷನಾದ. ಆ ವರ್ಷ ಗವರ್ನರ್ ವಿಲಿಯಂ ಸಲ್ಜರ್ ಮರ್ಫಿಯ ಹಿಡಿತದಿಂದ ಬಿಡಿಸಿಕೊಳ್ಳಲು ಹೊರಟಾಗ, ಚುನಾವಣಾ ದೇಣಿಗೆಯ ಅಕ್ರಮಗಳನ್ನು ಮುಂದಿಟ್ಟು ಟ್ಯಾಮನಿ ಅವನ ಮೇಲೆ ಮಹಾಭಿಯೋಗ ತಂದು ಪದಚ್ಯುತಗೊಳಿಸಿತು. ಸಲ್ಜರ್ ನಿರ್ದೋಷಿಯಾಗಿರಲಿಲ್ಲ, ಆದರೆ ಅವನ ನಿಜವಾದ ಅಪರಾಧ ಯಜಮಾನನಿಗೆ ಎದುರಾದದ್ದೆಂಬುದು ಎಲ್ಲರಿಗೂ ಗೊತ್ತಿತ್ತು. ಆ ಕಾರ್ಯವನ್ನು ವಿಧಾನಸಭೆಯಲ್ಲಿ ದಾಟಿಸಿದ ಪೀಠದ ಮೇಲೆ ಕುಳಿತವನು ಸ್ಮಿತ್. ಕಾರ್ಖಾನೆ ಕಾನೂನುಗಳಿಗೆ ಅಡ್ಡಿಯಾಗದಿದ್ದ ಮರ್ಫಿಯ ಋಣ ಹೀಗೆ ತೀರಿತೆನ್ನಬಹುದು. ಸ್ಮಿತ್‌ನನ್ನು ಕೆಸರಿನಲ್ಲಿ ಅರಳಿದ ಕಮಲವೆಂದು ವರ್ಣಿಸುವವರು ಈ ಅಧ್ಯಾಯವನ್ನು ಬಿಟ್ಟುಬಿಡುವುದು ವಾಡಿಕೆ.

1915ರಲ್ಲಿ ರಾಜ್ಯದ ಸಂವಿಧಾನವನ್ನು ಪರಿಷ್ಕರಿಸುವ ಸಮಾವೇಶ ಎಲಿಹು ರೂಟ್‌ನ ಅಧ್ಯಕ್ಷತೆಯಲ್ಲಿ ಸೇರಿತು. ದೇಶದ ಹೆಸರಾಂತ ವಕೀಲರು ತುಂಬಿದ್ದ ಆ ಸಭೆಯಲ್ಲಿ ರಾಜ್ಯದ ಆಡಳಿತ ನಿಜವಾಗಿ ಹೇಗೆ ನಡೆಯುತ್ತದೆಂದು ಹೇಳಬಲ್ಲವನು ಮೀನು ಮಾರುಕಟ್ಟೆಯಿಂದ ಬಂದ ಸ್ಮಿತ್ ಆಗಿದ್ದ. ಎದುರು ಪಕ್ಷದ ಹಿರಿಯರೂ ಅದನ್ನು ಒಪ್ಪಿದರು. ಅವರ ಕರಡನ್ನು ಮತದಾರರು ತಿರಸ್ಕರಿಸಿದರು, ಆದರೆ ಅಲ್ಲಿಯ ವಿಚಾರಗಳು ಸ್ಮಿತ್‌ನ ತಲೆಯಲ್ಲಿ ಉಳಿದವು. ನಗರದಲ್ಲಿ ಶೆರೀಫನಾಗಿ, ಬಳಿಕ ನಗರಸಭೆಯ ಅಧ್ಯಕ್ಷನಾಗಿ ಕೆಲಕಾಲ ಇದ್ದು, 1918ರಲ್ಲಿ ಆತ ಗವರ್ನರ್ ಆಗಿ ಆರಿಸಿಬಂದ. 1920ರಲ್ಲಿ ಇಡೀ ದೇಶದಲ್ಲಿ ರಿಪಬ್ಲಿಕನ್ ಪ್ರವಾಹ ಬಂದಾಗ ಸೋತ. ಆ ಸೋಲಿನಲ್ಲಿಯೂ ರಾಜ್ಯದಲ್ಲಿ ತನ್ನ ಪಕ್ಷದ ಅಧ್ಯಕ್ಷಾಭ್ಯರ್ಥಿಯ ಸೋಲಿನ ಅಂತರಕ್ಕಿಂತ ಹತ್ತು ಲಕ್ಷದಷ್ಟು ಕಡಿಮೆ ಅಂತರ ಅವನದು. 1922, 1924, 1926ರಲ್ಲಿ ಮತ್ತೆ ಗೆದ್ದ.

ಗವರ್ನರ್ ಸ್ಮಿತ್‌ನ ದೊಡ್ಡ ಕೆಲಸ ಮೇಲುನೋಟಕ್ಕೆ ರುಚಿಯಿಲ್ಲದ್ದು. ರಾಜ್ಯದಲ್ಲಿ ಸುಮಾರು 187 ಇಲಾಖೆ, ಮಂಡಳಿ, ಆಯೋಗಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬೆಳೆದುಕೊಂಡಿದ್ದವು. ಅವನ್ನು ಹದಿನೆಂಟರಷ್ಟು ಇಲಾಖೆಗಳಾಗಿ ಕೂಡಿಸುವುದು, ಇಡೀ ರಾಜ್ಯಕ್ಕೆ ಗವರ್ನರನೇ ಹೊಣೆಯಾಗುವ ಒಂದು ಆಯವ್ಯಯ ಪತ್ರವನ್ನು ತರುವುದು ಅವನ ಗುರಿಯಾಗಿತ್ತು. ಯಾವುದಕ್ಕೆ ಯಾರು ಹೊಣೆಯೆಂಬುದು ತಿಳಿಯದ ಸರಕಾರವನ್ನು ಬಡವನು ಪ್ರಶ್ನಿಸಲಾರನೆಂಬುದು ಮಸೂದೆಗಳನ್ನು ಓದಿ ಆತ ಕಂಡುಕೊಂಡ ಸತ್ಯ. ಸಮಾಜಸೇವೆಯಿಂದ ಬಂದ ಬೆಲ್ ಮಾಸ್ಕೋವಿಟ್ಜ್ ಎಂಬ ಯೆಹೂದಿ ಮಹಿಳೆ ಅವನ ಅತ್ಯಂತ ನಂಬಿಕೆಯ ಸಲಹೆಗಾರ್ತಿ. ಸರಕಾರಿ ಹುದ್ದೆಯನ್ನು ವಹಿಸದೆ, ಸಭೆಗಳಲ್ಲಿ ಹೆಣಿಗೆ ಹಾಕುತ್ತ ಮೂಲೆಯಲ್ಲಿ ಕುಳಿತಿರುತ್ತಿದ್ದ ಆಕೆಯ ಕಡೆಗೆ ಗವರ್ನರ್ ಕೊನೆಗೆ ತಿರುಗಿ ಅಭಿಪ್ರಾಯ ಕೇಳುತ್ತಿದ್ದ. ರಾಬರ್ಟ್ ಮೋಸಸ್ ಯೋಜನೆಗಳ ಕರಡುಗಳನ್ನು ಬರೆಯುತ್ತಿದ್ದ. ವಿಧಾನಮಂಡಲ ಬಹುತೇಕ ರಿಪಬ್ಲಿಕನ್ನರ ಕೈಯಲ್ಲಿದ್ದುದರಿಂದ ಸ್ಮಿತ್ ಆ ಪಕ್ಷದ ಚಾರ್ಲ್ಸ್ ಇವಾನ್ಸ್ ಹ್ಯೂಸ್‌ನಂಥ ಹಿರಿಯರನ್ನು ತನ್ನ ಸುಧಾರಣೆಗೆ ಎಳೆದುಕೊಂಡ. 1925 ಮತ್ತು 1927ರ ಸಂವಿಧಾನ ತಿದ್ದುಪಡಿಗಳಿಂದ ಎರಡೂ ಗುರಿಗಳು ಈಡೇರಿದವು. ಶಾಲೆಗಳಿಗೆ ರಾಜ್ಯ ಕೊಡುವ ಹಣ ಹಲವು ಪಟ್ಟು ಹೆಚ್ಚಿತು. ನಗರದ ಜನರು ವಿಹರಿಸಲು ಉದ್ಯಾನಗಳು, ಕಡಲತೀರಗಳು ಬಂದವು.

ಅವನ ಧೈರ್ಯ ಹೆಚ್ಚು ಸ್ಪಷ್ಟವಾಗಿ ಕಾಣುವುದು ಬೇರೊಂದು ಕಡೆ. ಮೊದಲ ಮಹಾಯುದ್ಧದ ನಂತರ ಕಮ್ಯುನಿಸ್ಟರ ಭೀತಿ ದೇಶವನ್ನು ಆವರಿಸಿತ್ತು. 1920ರಲ್ಲಿ ನ್ಯೂಯಾರ್ಕ್ ವಿಧಾನಸಭೆ ಐವರು ಸಮಾಜವಾದಿ ಸದಸ್ಯರನ್ನು ಅವರ ಪಕ್ಷದ ಕಾರಣಕ್ಕಾಗಿಯೇ ಹೊರಹಾಕಿತು. ಸ್ಮಿತ್ ಅದನ್ನು ಬಹಿರಂಗವಾಗಿ ಖಂಡಿಸಿದ. ಶಿಕ್ಷಕರ ರಾಜನಿಷ್ಠೆಯನ್ನು ಪರೀಕ್ಷಿಸುವ, ಖಾಸಗಿ ಶಾಲೆಗಳಿಗೆ ಪರವಾನಗಿ ಬೇಕೆನ್ನುವ ಲಸ್ಕ್ ಮಸೂದೆಗಳನ್ನು ಚುನಾವಣೆಯ ವರ್ಷದಲ್ಲಿಯೇ ತಿರಸ್ಕರಿಸಿದ. ಮುಂದಿನ ಗವರ್ನರನ ಕಾಲದಲ್ಲಿ ಅವು ಕಾನೂನಾದಾಗ, ತಾನು ಮರಳಿ ಬಂದು 1923ರಲ್ಲಿ ರದ್ದುಪಡಿಸಿದ. ಐರಿಷ್ ಕಾರ್ಮಿಕ ನಾಯಕ ಜಿಮ್ ಲಾರ್ಕಿನ್‌ಗೆ, ಬಳಿಕ ಕಮ್ಯುನಿಸ್ಟ್ ಬೆಂಜಮಿನ್ ಗಿಟ್ಲೋಗೆ ಕ್ಷಮಾದಾನ ನೀಡಿದ. ಈ ಜನರ ವಿಚಾರಗಳಲ್ಲಿ ಒಂದನ್ನೂ ಒಪ್ಪದ ಶ್ರದ್ಧಾವಂತ ಕ್ಯಾಥೊಲಿಕನು ಹೀಗೆ ನಡೆದುಕೊಂಡದ್ದು ಸಣ್ಣ ಮಾತಲ್ಲ.

ರಾಜ್ಯದ ಕೀರ್ತಿ ಅವನನ್ನು ದೇಶದ ಕಣಕ್ಕೆ ಎಳೆಯಿತು. 1924ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಡೆಮಾಕ್ರಟಿಕ್ ಅಧಿವೇಶನ ಸ್ಮಿತ್ ಮತ್ತು ವಿಲಿಯಂ ಮ್ಯಾಕಡೂ ನಡುವೆ ಸೀಳಿಹೋಯಿತು. ಕ್ಯಾಥೊಲಿಕರನ್ನೂ ಯೆಹೂದಿಗಳನ್ನೂ ಕರಿಯರನ್ನೂ ದ್ವೇಷಿಸುವ ಕೂ ಕ್ಲಕ್ಸ್ ಕ್ಲಾನ್ ಸಂಘಟನೆಯನ್ನು ಹೆಸರಿಟ್ಟು ಖಂಡಿಸುವ ನಿರ್ಣಯ ಕೂದಲೆಳೆಯ ಅಂತರದಲ್ಲಿ ಬಿದ್ದುಹೋಯಿತು. 103 ಸುತ್ತು ಮತದಾನದ ನಂತರ ಇಬ್ಬರನ್ನೂ ಬಿಟ್ಟು ಜಾನ್ ಡೇವಿಸ್‌ನನ್ನು ಆರಿಸಲಾಯಿತು. ನಾಲ್ಕು ವರ್ಷಗಳ ಬಳಿಕ ಹ್ಯೂಸ್ಟನ್ನಿನಲ್ಲಿ ಸ್ಮಿತ್‌ನೇ ಅಭ್ಯರ್ಥಿಯಾದ. ಪ್ರಮುಖ ಪಕ್ಷವೊಂದು ಅಧ್ಯಕ್ಷ ಪದವಿಗೆ ನಿಲ್ಲಿಸಿದ ಮೊದಲ ಕ್ಯಾಥೊಲಿಕ್ ಆತ.

1928ರ ಆ ಚುನಾವಣೆಯಲ್ಲಿ ಅವನಿಗೆ ಎದುರಾದವು ಹಲವು. ಪೋಪನಿಗೆ ನಿಷ್ಠನಾದವನು ದೇಶಕ್ಕೆ ನಿಷ್ಠನಾಗಿರಬಲ್ಲನೇ ಎಂಬ ಪ್ರಶ್ನೆಯನ್ನು ಹಿಂದಿನ ವರ್ಷವೇ ಒಬ್ಬ ವಕೀಲ ಪ್ರತಿಷ್ಠಿತ ಮಾಸಪತ್ರಿಕೆಯಲ್ಲಿ ಎತ್ತಿದ್ದ. ಸ್ಮಿತ್ ಅಲ್ಲಿಯೇ ಉತ್ತರಿಸಿದ್ದ. ಆದರೆ ಹಳ್ಳಿಗಾಡಿನ ಪಿಸುಮಾತಿಗೆ ಉತ್ತರ ಕೊಡುವ ಪತ್ರಿಕೆ ಇರಲಿಲ್ಲ. ಪಾನನಿರೋಧವನ್ನು ಆತ ವಿರೋಧಿಸುತ್ತಿದ್ದುದು, ಅವನ ಟ್ಯಾಮನಿ ಹಿನ್ನೆಲೆ, ತಲೆಯ ಮೇಲಿನ ಕಂದು ಟೋಪಿ, ಬಾಯಲ್ಲಿನ ಚುಟ್ಟ ಎಲ್ಲವೂ ಸೇರಿ ಮಹಾನಗರದ ಪಾಪಗಳ ಮೂರ್ತಿಯಾಗಿ ಅವನು ಕಂಡ. ಇವುಗಳ ನಡುವೆ ಭಾಷಾಭ್ಯಾಸಿಗಳು ವಿಶೇಷವಾಗಿ ಗಮನಿಸಬೇಕಾದದ್ದು ಅವನ ಉಚ್ಚಾರಣೆ. ಅಧ್ಯಕ್ಷ ಚುನಾವಣೆಯಲ್ಲಿ ಬಾನುಲಿ ದೊಡ್ಡ ಪಾತ್ರ ವಹಿಸಿದ ಆರಂಭದ ವರ್ಷಗಳವು. ರೇಡಿಯೊ ಎಂಬ ಪದವನ್ನೇ ಆತ ರ್‍ಯಾಡಿಯೊ ಎನ್ನುತ್ತಿದ್ದ. ಮುದ್ರಿತ ಭಾಷಣದಲ್ಲಿ ಕಾಣದ ಕೇರಿಯ ನುಡಿ ಬಾನುಲಿಯಲ್ಲಿ ಮನೆಮನೆಯ ಒಳಕ್ಕೆ ಬಂತು. ಆಲ್ಬನಿಯಲ್ಲಿ ಕಾನೂನನ್ನು ಜನರ ಮಾತಾಗಿಸಿದ ಅದೇ ಕಂಠ ಕ್ಯಾನ್ಸಸ್ಸಿನ, ಟೆಕ್ಸಸ್ಸಿನ ಕಿವಿಗಳಿಗೆ ಪರದೇಶಿಯದಾಗಿ ಕೇಳಿಸಿತು. ಅದನ್ನು ತಿದ್ದಿಕೊಳ್ಳಲು ಆತ ಒಪ್ಪಲಿಲ್ಲ. ಶಿಷ್ಟ, ಗ್ರಾಮ್ಯ ಎಂಬ ವಿಂಗಡಣೆಯ ಹಿಂದೆ ಯಾರ ಅಧಿಕಾರವಿದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಹರ್ಬರ್ಟ್ ಹೂವರ್‌ಗೆ 444 ಚುನಾಯಕ ಮತಗಳು, ಸ್ಮಿತ್‌ಗೆ 87. ತನ್ನ ಸ್ವಂತ ರಾಜ್ಯವನ್ನೂ ಆತ ಕಳೆದುಕೊಂಡ. ದೇಶ ಸುಭಿಕ್ಷವಾಗಿದ್ದ ಆ ವರ್ಷ ಡೆಮಾಕ್ರಟಿಕ್ ಪಕ್ಷದ ಯಾರೇ ನಿಂತಿದ್ದರೂ ಗೆಲ್ಲುತ್ತಿರಲಿಲ್ಲವೆಂಬ ವಾದ ಒಪ್ಪತಕ್ಕದ್ದೇ. ಆದರೆ ದಕ್ಷಿಣದ ಟೆಕ್ಸಸ್, ವರ್ಜೀನಿಯಾ, ಫ್ಲಾರಿಡಾಗಳು ಪಕ್ಷವನ್ನು ತೊರೆದದ್ದಕ್ಕೆ ಧರ್ಮವನ್ನು ಬಿಟ್ಟು ಕಾರಣ ಹುಡುಕಲಾಗದು. ಅವನಿಗೆ ಉಳಿದ ಎಂಟು ರಾಜ್ಯಗಳಲ್ಲಿ ಆರು ಕರಿಯರಿಗೆ ಮತ ಹಾಕಲು ಬಿಡದ ದಕ್ಷಿಣದ ರಾಜ್ಯಗಳೆಂಬ ವಿಪರ್ಯಾಸವನ್ನೂ ಹೇಳಬೇಕು. ಇನ್ನೆರಡು ಮ್ಯಾಸಚೂಸೆಟ್ಸ್ ಮತ್ತು ರೋಡ್ ಐಲೆಂಡ್. ವಲಸೆ ಬಂದ ಕ್ಯಾಥೊಲಿಕ್ ಕಾರ್ಮಿಕರು ತುಂಬಿದ್ದ ಈ ರಾಜ್ಯಗಳೂ ದೊಡ್ಡ ನಗರಗಳೂ ಆ ಸಲ ಡೆಮಾಕ್ರಟರತ್ತ ತಿರುಗಿದವು. ಆ ತಿರುವಿನ ಫಲವನ್ನು ಉಂಡವನು ಬೇರೆಯವನು.

ಸ್ಮಿತ್‌ನ ಒತ್ತಾಯದಿಂದಲೇ ಗವರ್ನರ್ ಸ್ಥಾನಕ್ಕೆ ನಿಂತ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅದೇ ವರ್ಷ ಅಲ್ಪ ಅಂತರದಲ್ಲಿ ಗೆದ್ದಿದ್ದ. ಶ್ರೀಮಂತ ಮನೆತನದ ಈ ಉತ್ತರಾಧಿಕಾರಿ ತನ್ನ ಸಲಹೆ ಕೇಳುತ್ತಾನೆಂದು ಸ್ಮಿತ್ ನಂಬಿದ್ದ. ರೂಸ್‌ವೆಲ್ಟ್ ಕೇಳಲಿಲ್ಲ, ಮಾಸ್ಕೋವಿಟ್ಜ್‌ಳನ್ನು ಹತ್ತಿರಕ್ಕೆ ಬಿಡಲೂ ಇಲ್ಲ. 1932ರ ಅಧಿವೇಶನದಲ್ಲಿ ಇಬ್ಬರೂ ಎದುರಾಳಿಗಳಾದರು, ಸ್ಮಿತ್ ಸೋತ. ಆ ವೇಳೆಗೆ ಆತ ಉದ್ಯಮಿ ಜಾನ್ ರಾಸ್ಕಬ್‌ನ ಜೊತೆ ಸೇರಿ ಎಂಪೈರ್ ಸ್ಟೇಟ್ ಕಟ್ಟಡದ ಸಂಸ್ಥೆಗೆ ಅಧ್ಯಕ್ಷನಾಗಿದ್ದ. 102 ಅಂತಸ್ತುಗಳ ಆ ಕಟ್ಟಡ 1931ರ ಮೇ 1ರಂದು, ಆರ್ಥಿಕ ಕುಸಿತದ ನಡುವೆ, ಸಾಕಷ್ಟು ಬಾಡಿಗೆದಾರರಿಲ್ಲದೆ ತೆರೆಯಿತು. 1934ರಲ್ಲಿ ದೊಡ್ಡ ಉದ್ಯಮಿಗಳು ಕಟ್ಟಿದ ಲಿಬರ್ಟಿ ಲೀಗನ್ನು ಸೇರಿ, 1936ರ ಜನವರಿಯಲ್ಲಿ ವಾಷಿಂಗ್ಟನ್ನಿನ ಔತಣಕೂಟವೊಂದರಲ್ಲಿ ರೂಸ್‌ವೆಲ್ಟ್‌ನ ಆಡಳಿತವನ್ನು ಸಮಾಜವಾದವೆಂದು ಹಳಿದ. 1936ರಲ್ಲಿಯೂ 1940ರಲ್ಲಿಯೂ ರಿಪಬ್ಲಿಕನ್ ಅಭ್ಯರ್ಥಿಗಳನ್ನು ಬೆಂಬಲಿಸಿದ. ಯಾವ ಕಾನೂನುಗಳನ್ನು ಆತ ಹಳಿಯುತ್ತಿದ್ದನೋ ಅವುಗಳ ಹಿಂದೆ ಇದ್ದವರು ಟ್ರಯಾಂಗಲ್ ದಿನಗಳ ಅವನ ಸಂಗಡಿಗರೇ: 1935ರ ಕಾರ್ಮಿಕ ಸಂಘಗಳ ಕಾನೂನಿಗೆ ಸೆನೆಟರ್ ವ್ಯಾಗ್ನರನ ಹೆಸರಿತ್ತು, ಅದೇ ವರ್ಷದ ಸಾಮಾಜಿಕ ಭದ್ರತೆಯ ಕಾನೂನಿಗೆ ಕಾರ್ಮಿಕ ಸಚಿವೆ ಪರ್ಕಿನ್ಸ್ ದುಡಿದಿದ್ದಳು.

ಇದನ್ನು ಕೇವಲ ಮತ್ಸರವೆಂದು ತಳ್ಳಿಹಾಕುವುದು ಸುಲಭ. ಮತ್ಸರ ಇತ್ತು, ಹಣವಂತರ ಸಹವಾಸದ ಪ್ರಭಾವವೂ ಇತ್ತು. ಆದರೆ ಸ್ಮಿತ್ ಬಲ್ಲ ಸರಕಾರ ರಾಜ್ಯದ ಸರಕಾರ. ಒಂದೊಂದು ಕಲಮನ್ನೂ ಓದಿ, ಸಭೆಯಲ್ಲಿ ವಾದಿಸಿ, ಹೊಣೆ ಯಾರದೆಂದು ತೋರಿಸಬಹುದಾದ ಸರಕಾರ. ವಾಷಿಂಗ್ಟನ್ನಿನಲ್ಲಿ ತುರ್ತಾಗಿ ಹುಟ್ಟುತ್ತಿದ್ದ ಹತ್ತಾರು ಮಂಡಳಿಗಳಲ್ಲಿ ಅವನಿಗೆ ಕಂಡದ್ದು ತಾನು ಆಲ್ಬನಿಯಲ್ಲಿ ಕಿತ್ತುಹಾಕಿದ ಹಳೆಯ ಗೊಂದಲವೇ. ನಿರುದ್ಯೋಗದ ಆ ವರ್ಷಗಳಲ್ಲಿ ಒಂದೊಂದು ರಾಜ್ಯ ಬೇರೆಬೇರೆಯಾಗಿ ಏನು ಮಾಡಬಹುದಿತ್ತೆಂಬುದಕ್ಕೆ ಮಾತ್ರ ಅವನಲ್ಲಿ ಉತ್ತರವಿರಲಿಲ್ಲ.

ಕಹಿ ಅವನನ್ನು ಪೂರ್ತಿ ನುಂಗಲಿಲ್ಲ. 1933ರ ಮಾರ್ಚ್‌ನಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ಎರಡೇ ತಿಂಗಳಲ್ಲಿ, ಯೆಹೂದಿಗಳ ಮೇಲಿನ ಹಿಂಸೆಯ ವಿರುದ್ಧ ನ್ಯೂಯಾರ್ಕಿನಲ್ಲಿ ನಡೆದ ಬೃಹತ್ ಸಭೆಯಲ್ಲಿ ಆತ ಮಾತನಾಡಿದ. ನಗರದ ಉದ್ಯಾನಗಳ ಮುಖ್ಯಸ್ಥನಾಗಿದ್ದ ರಾಬರ್ಟ್ ಮೋಸಸ್ ಹಳೆಯ ಒಡೆಯನಿಗೆ 1934ರಲ್ಲಿ ಸೆಂಟ್ರಲ್ ಪಾರ್ಕ್ ಮೃಗಾಲಯದ ಗೌರವ ರಾತ್ರಿ ಮೇಲ್ವಿಚಾರಕನೆಂಬ ಪದವಿಯನ್ನೂ ಬೀಗದ ಕೈಯನ್ನೂ ಕೊಟ್ಟ. ಎದುರಿನ ಫಿಫ್ತ್ ಅವೆನ್ಯೂದಲ್ಲಿ ವಾಸವಾಗಿದ್ದ ಸ್ಮಿತ್ ರಾತ್ರಿ ಹೊತ್ತು ಹೋಗಿ ಪ್ರಾಣಿಗಳನ್ನು ಮಾತನಾಡಿಸಿ ಬರುತ್ತಿದ್ದ. ಯುದ್ಧದ ವರ್ಷಗಳಲ್ಲಿ ರೂಸ್‌ವೆಲ್ಟ್‌ನೊಡನೆ ಮುನಿಸು ಸಡಿಲವಾಯಿತು.

1944ರ ಮೇ ತಿಂಗಳಲ್ಲಿ ಪತ್ನಿ ತೀರಿಕೊಂಡಳು. ಐದು ತಿಂಗಳ ಬಳಿಕ, ಅಕ್ಟೋಬರ್ 4ರಂದು, ಸ್ಮಿತ್ ನಿಧನನಾದ. ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್ಲಿನಲ್ಲಿ ಅವನ ದೇಹವನ್ನು ದರ್ಶನಕ್ಕೆ ಇಡಲಾಗಿತ್ತು. ಕ್ವೀನ್ಸ್‌ನ ಕ್ಯಾಲ್ವರಿ ಶ್ಮಶಾನದಲ್ಲಿ ಹೂಳಲಾಯಿತು. ಐವತ್ತರ ದಶಕದ ಆರಂಭದಲ್ಲಿ, ಆತ ಹುಟ್ಟಿದ ಕೇರಿಯಲ್ಲಿ, ಬ್ರೂಕ್ಲಿನ್ ಸೇತುವೆಗೆ ಸಮೀಪದಲ್ಲಿ, ಕಡಿಮೆ ಆದಾಯದ ಕುಟುಂಬಗಳಿಗಾಗಿ ಕಟ್ಟಿದ ಸಾರ್ವಜನಿಕ ವಸತಿ ಸಮುಚ್ಚಯಕ್ಕೆ ಅವನ ಹೆಸರನ್ನು ಇಡಲಾಯಿತು.